ಬ್ರೇಕ್ ಪೆಡಲ್ ಗಟ್ಟಿಯಾದಾಗ: ಹಳೆಯ ಗಾಡಿಯ ಬೂಸ್ಟರ್ ಪರೀಕ್ಷೆ, ಬದಲಾವಣೆ, ಸ್ಥಳಾಂತರ (ಕೊಡಗಿನ ಏರಿಳಿತದ ರಸ್ತೆಗಳಿಗೆ)

ಪೆಡಲ್ ಗಟ್ಟಿಯಾಗಿದೆ, ಎಷ್ಟು ಒತ್ತಿದರೂ ಗಾಡಿ ನಿಲ್ಲುತ್ತಿಲ್ಲ ಅಂದ ಕೂಡಲೇ 'ಬೂಸ್ಟರ್ ಹೋಗಿದೆ, ಹೊಸದು ಹಾಕಬೇಕು' ಅನ್ನುವ ಉತ್ತರ ಬರುತ್ತದೆ. ಬಿಚ್ಚಿ ನೋಡಿದರೆ ಎಷ್ಟೋ ಸಲ ಬೂಸ್ಟರ್, ಅಂದರೆ ಕಾಲಿನ ಒತ್ತಿಗೆ ಬಲ ಕೂಡಿಸುವ ಡಬ್ಬಿ, ಸರಿಯಾಗಿಯೇ ಇರುತ್ತದೆ. ಕೆಟ್ಟಿರುವುದು ಅದಕ್ಕೆ ವ್ಯಾಕ್ಯೂಮ್ (ಗಾಳಿ ಎಳೆದು ತೆಗೆದ ಸ್ಥಿತಿ) ತರುವ ಹೋಸ್, ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುವ ಹೋಸಿನ ತುದಿಯ ಚೆಕ್ ವಾಲ್ವ್, ಅಥವಾ ವ್ಯಾಕ್ಯೂಮ್ ಹುಟ್ಟಿಸುವ ಎಂಜಿನ್ ಇಲ್ಲವೇ ಪಂಪ್. ಹೊಸ ಬೂಸ್ಟರ್ ಹಾಕಿದ ಮೇಲೂ ಪೆಡಲ್ ಹಾಗೇ ಉಳಿದರೆ ದುಡ್ಡು ಹೋದದ್ದಷ್ಟೇ ಅಲ್ಲ, ಬ್ರೇಕ್ ಆಯಿಲನ್ನು ಚಕ್ರಗಳಿಗೆ ಒತ್ತುವ, ಚೆನ್ನಾಗಿದ್ದ ಮಾಸ್ಟರ್ ಸಿಲಿಂಡರಿನ ಪೈಪುಗಳನ್ನೂ ಸುಮ್ಮನೆ ಬಿಚ್ಚಿದಂತಾಗುತ್ತದೆ. ಆದ್ದರಿಂದ ಇಲ್ಲಿ ಪರೀಕ್ಷೆಗೆ ಹೆಚ್ಚು ಜಾಗ, ಬದಲಾವಣೆಗೆ ಅದಕ್ಕಿಂತ ಕಡಿಮೆ.

ಬೂಸ್ಟರಿನ ಕೆಲಸ ಸರಳ. ದುಂಡನೆಯ ತಗಡಿನ ಡಬ್ಬಿಯೊಳಗೆ ರಬ್ಬರ್ ಡಯಾಫ್ರಮ್ ಇದೆ. ಪೆಡಲಿನಿಂದ ಕಾಲು ತೆಗೆದಿದ್ದಾಗ ಅದರ ಎರಡೂ ಕಡೆ ವ್ಯಾಕ್ಯೂಮ್ ಇರುತ್ತದೆ. ಪೆಡಲ್ ಒತ್ತಿದಾಗ ಹಿಂಬದಿಯ ಏರ್ ವಾಲ್ವ್ ತೆರೆದು, ಸಣ್ಣ ಫಿಲ್ಟರ್ ಮೂಲಕ ಕ್ಯಾಬಿನ್ನಿನ ಗಾಳಿ ಹಿಂದಿನ ಕೋಣೆಗೆ ನುಗ್ಗುತ್ತದೆ. ಹಿಂದೆ ವಾತಾವರಣದ ಒತ್ತಡ, ಮುಂದೆ ವ್ಯಾಕ್ಯೂಮ್. ಈ ವ್ಯತ್ಯಾಸವೇ ಡಯಾಫ್ರಮನ್ನು ತಳ್ಳಿ, ಪುಶ್ ರಾಡ್ ಮೂಲಕ ಮಾಸ್ಟರ್ ಸಿಲಿಂಡರಿನ ಪಿಸ್ಟನ್ನನ್ನು ಒತ್ತುತ್ತದೆ. ಎಂಜಿನ್ ನಿಂತರೂ ಎರಡು ಮೂರು ಸಲ ಬ್ರೇಕ್ ಹಿಡಿಯುವಷ್ಟು ವ್ಯಾಕ್ಯೂಮ್ ಡಬ್ಬಿಯಲ್ಲಿ ಉಳಿಯಬೇಕು. ಅದನ್ನು ಕಾಯುವುದು ಚೆಕ್ ವಾಲ್ವ್.

ಮೊದಲು, ಇದು ಬೂಸ್ಟರ್ ತೊಂದರೆಯೇ?

ಮಡಿಕೇರಿಯಿಂದ ಸಂಪಾಜೆ ಕಡೆಗೋ, ವಿರಾಜಪೇಟೆಯಿಂದ ಮಾಕುಟ್ಟದ ಕಡೆಗೋ ಇಳಿಯುವಾಗ ಬ್ರೇಕ್ ಕೈಕೊಟ್ಟರೆ ಮೂರು ಬೇರೆ ಬೇರೆ ಕಾರಣ ಇರಬಹುದು. ಮೂರನ್ನೂ ಪೆಡಲಿನಲ್ಲೇ ಗುರುತಿಸಬಹುದು.

ಪೆಡಲ್ ಸ್ಪಂಜಿನಂತೆ ಮೆತ್ತಗಾಗಿ ನೆಲದವರೆಗೆ ಹೋಗುತ್ತದೆ, ಗಾಡಿ ನಿಲ್ಲಿಸಿ ಅರ್ಧ ಗಂಟೆ ಬಿಟ್ಟರೆ ಸರಿಹೋಗುತ್ತದೆ: ಬ್ರೇಕ್ ಆಯಿಲ್ ಕುದಿದಿದೆ. ಡಾಟ್ 3 ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ತಡೆಯಬೇಕು. ತೇವ ಹೀರಿದ ಮೇಲೆ ಅದರ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ರಲ್ಲಿ ಇದು 230 ಮತ್ತು 155. ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆಯೇ ಬೆವರುವ ಊರಿನಲ್ಲಿ ಆಯಿಲ್ ತೇವ ಹೀರದೆ ಇರುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಿಸಿ ಅಂತ ಪುಸ್ತಕ ಹೇಳಿದರೆ, ಇಲ್ಲಿ ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ ಬದಲಿಸುವುದು ಒಳ್ಳೆಯದು.

ಪೆಡಲ್ ಎಂದಿನ ಎತ್ತರದಲ್ಲೇ ಇದೆ, ಗಟ್ಟಿಯಾಗಿಯೂ ಇದೆ, ಆದರೆ ಸುಟ್ಟ ವಾಸನೆ ಬರುತ್ತಿದೆ, ಹಿಡಿತ ಇಲ್ಲ: ಪ್ಯಾಡು, ಲೈನಿಂಗು ಕಾದು ಹಿಡಿತ ಕಳೆದುಕೊಂಡಿವೆ. ಬೂಸ್ಟರಿಗೂ ಇದಕ್ಕೂ ಸಂಬಂಧವಿಲ್ಲ. ಏರುವ ಗೇರಿನಲ್ಲೇ ಇಳಿಯಬೇಕೆಂಬ ಹಳೆಯ ನಿಯಮ ಪಾಲಿಸಿದರೆ ಈ ಸ್ಥಿತಿ ಬರುವುದೇ ಅಪರೂಪ.

ವಾಸನೆ ಇಲ್ಲ, ಚಕ್ರ ತಣ್ಣಗಿದೆ, ಬೆಳಗ್ಗೆ ಮನೆಯಿಂದ ಹೊರಟಾಗಲೇ ಪೆಡಲ್ ಗಟ್ಟಿ: ಈಗ ಬೂಸ್ಟರ್ ಕಡೆ ನೋಡಬೇಕು. ಅದಕ್ಕೂ ಮೊದಲು ನಾಲ್ಕೂ ಚಕ್ರ ಎತ್ತಿ ಕೈಯಿಂದ ತಿರುಗಿಸಿ. ತುಕ್ಕು ಹಿಡಿದು ಸಿಕ್ಕಿಕೊಂಡ ಕ್ಯಾಲಿಪರ್ (ಡಿಸ್ಕ್ ಬ್ರೇಕಿನ ಪ್ಯಾಡು ಒತ್ತುವ ಭಾಗ) ಪಿನ್ನು ಅಥವಾ ಹೊಳಪು ಕಟ್ಟಿದ ಲೈನಿಂಗು ಕೂಡ ಪೆಡಲ್ ಗಟ್ಟಿಯಾದಂತೆ ತೋರಿಸುತ್ತದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತ ಗಾಡಿಗಳಲ್ಲಿ ಇದು ತೀರಾ ಸಾಮಾನ್ಯ.

ಕಾಲಿನಿಂದಲೇ ಮಾಡುವ ಮೂರು ಪರೀಕ್ಷೆ

ಸಮತಟ್ಟಾದ ಜಾಗ ಬೇಕು. ತೋಟದ ಮನೆಯಾದರೆ ಕಾಪಿ ಒಣಗಿಸುವ ಕಣ ಅತ್ಯುತ್ತಮ, ಕೊಯ್ಲಿನ ಸಮಯ ಅಲ್ಲದಿದ್ದರೆ. ಚಕ್ರಕ್ಕೆ ಅಡ್ಡ ಕಲ್ಲು ಕೊಟ್ಟು, ಗೇರ್ ನ್ಯೂಟ್ರಲ್ ಮಾಡಿ.

ಒಂದು. ಎಂಜಿನ್ ಆಫ್ ಇರುವಾಗ ಪೆಡಲನ್ನು ಐದಾರು ಸಲ ಒತ್ತಿ ಬಿಡಿ. ಡಬ್ಬಿಯ ವ್ಯಾಕ್ಯೂಮ್ ಖಾಲಿಯಾಗಿ ಪೆಡಲ್ ಗಟ್ಟಿಯಾಗುತ್ತದೆ. ಈಗ ಪೆಡಲನ್ನು ಒತ್ತಿಹಿಡಿದೇ ಎಂಜಿನ್ ಸ್ಟಾರ್ಟ್ ಮಾಡಿ. ಕಾಲಿನ ಕೆಳಗೆ ಪೆಡಲ್ ತಾನಾಗಿ ಸ್ವಲ್ಪ ಇಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ. ಇಳಿಯದೇ ಇದ್ದರೆ ವ್ಯಾಕ್ಯೂಮ್ ಬರುತ್ತಿಲ್ಲ, ಅಥವಾ ಬಂದರೂ ಬೂಸ್ಟರ್ ಅದನ್ನು ಬಳಸುತ್ತಿಲ್ಲ. ಎರಡರಲ್ಲಿ ಯಾವುದು ಎಂಬುದು ಮುಂದೆ ವ್ಯಾಕ್ಯೂಮ್ ಗೇಜಿನಲ್ಲಿ ತಿಳಿಯುತ್ತದೆ.

ಎರಡು. ಎಂಜಿನ್ ಒಂದೆರಡು ನಿಮಿಷ ಓಡಲಿ, ಆಮೇಲೆ ಆಫ್ ಮಾಡಿ, ನಿಧಾನವಾಗಿ ಒಂದೊಂದೇ ಸಲ ಒತ್ತಿ. ಮೊದಲನೆಯದು ಆಳಕ್ಕೆ ಹೋಗಬೇಕು, ಎರಡನೆಯದು ಮೂರನೆಯದು ಕ್ರಮವಾಗಿ ಮೇಲಕ್ಕೆ ಬರಬೇಕು. ಮೊದಲ ಒತ್ತಿನಿಂದಲೇ ಎಲ್ಲವೂ ಒಂದೇ ಎತ್ತರದಲ್ಲಿ ಗಟ್ಟಿಯಾಗಿದ್ದರೆ ಆಫ್ ಮಾಡಿದ ಕೂಡಲೇ ವ್ಯಾಕ್ಯೂಮ್ ಸೋರಿಹೋಗಿದೆ.

ಮೂರು. ಎಂಜಿನ್ ಓಡುತ್ತಿರುವಾಗ ಪೆಡಲ್ ಒತ್ತಿಹಿಡಿದು, ಹಿಡಿದಂತೆಯೇ ಆಫ್ ಮಾಡಿ, 30 ಸೆಕೆಂಡು ಕಾಯಿರಿ. ಪೆಡಲ್ ಕಾಲನ್ನು ಮೇಲಕ್ಕೆ ತಳ್ಳಿದರೆ ವ್ಯಾಕ್ಯೂಮ್ ಸೋರಿಕೆ ಇದೆ. ಅಲುಗಾಡದೆ ನಿಂತರೆ ಸರಿ. ಮೆಲ್ಲಗೆ ಕೆಳಗೆ ಇಳಿಯುತ್ತಾ ಹೋದರೆ ಅದು ಬೂಸ್ಟರಿನ ದೋಷವಲ್ಲ, ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಕಪ್ (ಸೀಲು) ಹಾಳಾಗಿದೆ ಅಥವಾ ಎಲ್ಲೋ ಆಯಿಲ್ ಸೋರುತ್ತಿದೆ. ಅಂಥ ಗಾಡಿಯನ್ನು ಅಲ್ಲಿಂದ ಕದಲಿಸಬೇಡಿ.

ಕಿವಿಗೂ ಕೆಲಸ ಇದೆ. ಒತ್ತುವ ಕ್ಷಣದಲ್ಲಿ ಪೆಡಲಿನ ಬುಡದಲ್ಲಿ 'ಸುಸ್' ಎಂದು ಒಮ್ಮೆ ಕೇಳಿದರೆ ಅದು ಗಾಳಿ ಒಳಹೋಗುವ ಸಹಜ ಶಬ್ದ. ಪೆಡಲ್ ಹಿಡಿದಿರುವಷ್ಟು ಹೊತ್ತೂ ಸದ್ದು ಬಂದು, ಜೊತೆಗೆ ಎಂಜಿನ್ ಐಡ್ಲಿಂಗ್ ಏರುಪೇರಾದರೆ ಡಯಾಫ್ರಮ್ ಅಥವಾ ಒಳಗಿನ ಸೀಲು ಹರಿದಿದೆ. ಕಾಲು ಇಡದಿದ್ದಾಗಲೂ ಸದ್ದು ಬರುತ್ತಿದ್ದರೆ ಏರ್ ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲ. ಇಲ್ಲಿ ಒಂದು ಎಚ್ಚರ: ಬ್ರೇಕ್ ಲೈಟ್ ಸ್ವಿಚ್ಚನ್ನು ಮುಂದಕ್ಕೆ ತಿರುಗಿಸಿಟ್ಟು ಅದೇ ಪೆಡಲನ್ನು ಸ್ವಲ್ಪ ಒತ್ತಿ ಹಿಡಿದಿದ್ದರೂ ಇದೇ ಸದ್ದು ಬರುತ್ತದೆ. ಸ್ವಿಚ್ಚಿನ ನಟ್ಟು ಸಡಿಲಿಸಿ ಹಿಂದಕ್ಕೆ ಎಳೆದು ನೋಡಿ. ಸದ್ದು ನಿಂತರೆ ಖರ್ಚಿಲ್ಲದೆ ಕೆಲಸ ಮುಗಿಯಿತು.

ಏರು ಮುಗಿದ ತುದಿಯ ಪರೀಕ್ಷೆ

ಬಯಲುಸೀಮೆಯ ಗ್ಯಾರೇಜಿನಲ್ಲಿ ಸಿಗದ, ಕೊಡಗಿನ ರಸ್ತೆಯೇ ಮಾಡಿಕೊಡುವ ಪರೀಕ್ಷೆ ಒಂದಿದೆ. ಪೆಟ್ರೋಲ್ ಗಾಡಿ ಫುಲ್ ಆಕ್ಸಿಲರೇಟರಿನಲ್ಲಿ ಏರು ಹತ್ತುವಾಗ ಥ್ರಾಟಲ್ (ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲು) ಪೂರ್ತಿ ತೆರೆದಿರುತ್ತದೆ. ಅಲ್ಲಿಂದ ಗಾಳಿಯನ್ನು ಎಂಜಿನ್ನಿಗೆ ಒಯ್ಯುವ ಮ್ಯಾನಿಫೋಲ್ಡಿನಲ್ಲಿ ವ್ಯಾಕ್ಯೂಮ್ ಬಹುತೇಕ ಸೊನ್ನೆ. ಅಷ್ಟು ಹೊತ್ತೂ ಬೂಸ್ಟರ್ ತನ್ನೊಳಗೆ ಉಳಿಸಿಕೊಂಡದ್ದರ ಮೇಲೆಯೇ ಬದುಕಬೇಕು. ಏರು ಮುಗಿದು ತಕ್ಷಣ ಇಳಿಜಾರಿನ ತಿರುವು ಬಂದಾಗ, ಮೊದಲ ಒತ್ತು ಗಟ್ಟಿ, ಎರಡನೆಯದರಿಂದ ಮೃದು ಅಂತಾದರೆ ಚೆಕ್ ವಾಲ್ವ್ ಹಿಡಿಯುತ್ತಿಲ್ಲವೆಂದು ಹೆಚ್ಚುಕಡಿಮೆ ಖಚಿತ. ಥ್ರಾಟಲ್ ಮುಚ್ಚಿದ ಒಂದೆರಡು ಸೆಕೆಂಡಿನಲ್ಲಿ ವ್ಯಾಕ್ಯೂಮ್ ಮತ್ತೆ ತುಂಬಿಕೊಳ್ಳುವುದರಿಂದ ಎರಡನೆಯ ಒತ್ತು ಸರಿಯಾಗುತ್ತದೆ. ಶೆಡ್ಡಿನಲ್ಲಿ ಐಡ್ಲಿಂಗ್ ಬಿಟ್ಟು ನೋಡುವ ಮೆಕ್ಯಾನಿಕ್ಕಿಗೆ ಈ ದೋಷ ಕಾಣುವುದೇ ಇಲ್ಲ, 'ಏನೂ ಇಲ್ಲವಲ್ಲ' ಅಂತ ಗಾಡಿ ವಾಪಸ್ ಕೊಡುತ್ತಾರೆ. ಏರಿನಲ್ಲಿ ಹತ್ತಿ ತುದಿಯಲ್ಲಿ ಒತ್ತಿ ನೋಡಿ ಎಂದು ನೀವೇ ಹೇಳಬೇಕು.

ಇದರ ತಿರುಗುಮುರುಗು ಲಕ್ಷಣವೂ ಇದೆ. ಗೇರಿನಲ್ಲಿ ಇಳಿಯುವಾಗ ಪೆಡಲ್ ಚೆನ್ನಾಗಿದೆ, ಊರೊಳಗೆ ಐಡ್ಲಿಂಗಿನಲ್ಲಿ ನಿಧಾನ ಹೋಗುವಾಗ ಗಟ್ಟಿ. ಥ್ರಾಟಲ್ ಮುಚ್ಚಿ ಎಂಜಿನ್ನನ್ನು ಚಕ್ರಗಳೇ ತಿರುಗಿಸುವಾಗ ವ್ಯಾಕ್ಯೂಮ್ ಅತಿ ಹೆಚ್ಚು. ಐಡ್ಲಿಂಗಿನಲ್ಲಿ ಕಡಿಮೆ ಬಿದ್ದರೆ ಎಂಜಿನ್ನೇ ಸೋತಿದೆ: ವಾಲ್ವ್ ಸೋರಿಕೆ, ಟೈಮಿಂಗ್ ತಪ್ಪಿದ್ದು, ಕಾರ್ಬುರೇಟರ್ ಬುಡದ ಗ್ಯಾಸ್ಕೆಟ್ಟಿನಲ್ಲಿ ಗಾಳಿ.

ಗೇಜ್ ಹಾಕಿದಾಗ ಮಡಿಕೇರಿಯಲ್ಲಿ ಎಷ್ಟು ತೋರಿಸಬೇಕು

ಇಲ್ಲಿ ತಪ್ಪು ಮಾಡುವವರು ಬಹಳ. ಕೈಪಿಡಿಗಳಲ್ಲಿ ಐಡ್ಲಿಂಗ್ ವ್ಯಾಕ್ಯೂಮ್ 18ರಿಂದ 21 ಇಂಚು ಪಾದರಸ, ಅಂದರೆ ಸುಮಾರು 460ರಿಂದ 530 ಎಂಎಂ ಎಂದಿರುತ್ತದೆ. ಅದು ಸಮುದ್ರಮಟ್ಟದ ಲೆಕ್ಕ. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಸಮುದ್ರಮಟ್ಟದಲ್ಲಿ 760 ಎಂಎಂ ಇರುವ ಗಾಳಿಯ ಒತ್ತಡ ಇಲ್ಲಿ 660ರ ಆಸುಪಾಸು. ಗೇಜ್ ತೋರಿಸುವುದು ಹೊರಗಿನ ಒತ್ತಡಕ್ಕೂ ಒಳಗಿನ ಒತ್ತಡಕ್ಕೂ ಇರುವ ವ್ಯತ್ಯಾಸ, ಹೊರಗಿನದೇ 100 ಎಂಎಂ ಕಡಿಮೆಯಾದರೆ ಗೇಜಿನ ಮುಳ್ಳೂ ಅಷ್ಟೇ ಕೆಳಗೆ ನಿಲ್ಲುತ್ತದೆ. ಮಂಗಳೂರಿನಲ್ಲಿ 19 ಇಂಚು ತೋರಿಸುವ ಎಂಜಿನ್ ಮಡಿಕೇರಿಯಲ್ಲಿ 15 ತೋರಿಸಿದರೆ ಅದು ಆರೋಗ್ಯವಾಗಿಯೇ ಇದೆ. ಪ್ರತಿ 1,000 ಅಡಿಗೆ ಒಂದು ಇಂಚು ಕಳೆಯಿರಿ, ಲೆಕ್ಕ ಸಾಕಷ್ಟು ಸರಿ ಬರುತ್ತದೆ. ಕುಶಾಲನಗರ ಇದಕ್ಕಿಂತ ತಗ್ಗಿನಲ್ಲಿರುವುದರಿಂದ ಅಲ್ಲಿ ಸ್ವಲ್ಪ ಹೆಚ್ಚು ತೋರಿಸುತ್ತದೆ.

ವ್ಯಾಕ್ಯೂಮ್ ಕಡಿಮೆಯಾದಷ್ಟು ಬೂಸ್ಟರ್ ಕೊಡುವ ಗರಿಷ್ಠ ಬಲವೂ ಕಡಿಮೆ. ಮೇಲಿನ ಲೆಕ್ಕದಲ್ಲಿ ಐದರಲ್ಲಿ ಒಂದು ಪಾಲು ಹೋಗುತ್ತದೆ. ಕರಾವಳಿಯಿಂದ ತಂದ ಹಳೆಯ ಕಾರು ಮಡಿಕೇರಿಯಲ್ಲಿ ತುಸು ಗಟ್ಟಿ ಅನ್ನಿಸಿದರೆ ಅದೇ ಕಾರಣ, ದೋಷವಲ್ಲ. ಆದರೆ ಸಮುದ್ರಮಟ್ಟದಲ್ಲೇ 15 ಇಂಚು ಕೊಡುತ್ತಿದ್ದ ಸೋತ ಎಂಜಿನ್ ಇಲ್ಲಿ 11ಕ್ಕೆ ಇಳಿಯುತ್ತದೆ. ಕೆಳಗೆ ಹೇಗೋ ನಡೆಯುತ್ತಿದ್ದದ್ದು ಮೇಲೆ ಬಂದಾಗ ನಡೆಯುವುದಿಲ್ಲ.

ಗೇಜನ್ನು ಟೀ ಜಾಯಿಂಟ್ ಹಾಕಿ ಎರಡು ಜಾಗದಲ್ಲಿ ಓದಿ. ಮೊದಲು ಮ್ಯಾನಿಫೋಲ್ಡ್ ಮತ್ತು ಚೆಕ್ ವಾಲ್ವ್ ನಡುವೆ: ಇದು ಎಂಜಿನ್ ಏನು ಕೊಡುತ್ತಿದೆ ಎಂದು ಹೇಳುತ್ತದೆ. ಆಮೇಲೆ ಚೆಕ್ ವಾಲ್ವ್ ಮತ್ತು ಬೂಸ್ಟರ್ ನಡುವೆ: ಬೂಸ್ಟರಿಗೆ ಏನು ತಲುಪಿತು, ಎಷ್ಟು ಉಳಿಯಿತು ಎಂದು ಹೇಳುತ್ತದೆ. ಎರಡನೆಯ ಜಾಗದಲ್ಲಿ ಎಂಜಿನ್ ಆಫ್ ಮಾಡಿ 15 ಸೆಕೆಂಡು ನೋಡಿ. 25 ಎಂಎಂ, ಅಂದರೆ ಒಂದು ಇಂಚಿಗಿಂತ ಹೆಚ್ಚು ಬಿದ್ದರೆ ಸೋರಿಕೆ. ಈಗ ಬೂಸ್ಟರಿಗೆ ಹೋಗುವ ಹೋಸನ್ನು ಕ್ಲ್ಯಾಂಪಿನಿಂದ ಗೇಜಿನ ಆಚೆ ಒತ್ತಿ ಮತ್ತೆ ನೋಡಿ. ಮುಳ್ಳು ನಿಂತರೆ ಸೋರುತ್ತಿರುವುದು ಬೂಸ್ಟರ್ ಅಥವಾ ಅದರ ರಬ್ಬರ್ ಗ್ರೊಮೆಟ್. ಆಗಲೂ ಬಿದ್ದರೆ ಚೆಕ್ ವಾಲ್ವ್ ಅಥವಾ ಹೋಸು. ಈ ಒಂದು ಕ್ಲ್ಯಾಂಪ್ ಪರೀಕ್ಷೆಯಿಂದ ಹೊಸ ಬೂಸ್ಟರಿನ ಬೆಲೆ ಉಳಿಯಬಹುದು.

ಗೇಜ್ ಇಲ್ಲದಿದ್ದರೆ ಚೆಕ್ ವಾಲ್ವನ್ನು ಬಾಯಿಂದಲೇ ನೋಡಬಹುದು. ಬೂಸ್ಟರ್ ಕಡೆಯ ತುದಿಯಿಂದ ಊದಿದರೆ ಗಾಳಿ ಹೋಗಬೇಕು, ಎಂಜಿನ್ ಕಡೆಯಿಂದ ಊದಿದರೆ ಹೋಗಬಾರದು. ವಾಲ್ವಿನ ಮೇಲೆ ಬಾಣದ ಗುರುತು ಇದ್ದರೆ ಅದು ಎಂಜಿನ್ ಕಡೆಗೆ ತಿರುಗಿರಬೇಕು. ಹೋಸಿನ ಒಳಗೇ ಕೂತಿರುವ ವಾಲ್ವನ್ನು ಹೋಸ್ ಬದಲಿಸುವಾಗ ತಿರುಗುಮುರುಗಾಗಿ ಹಾಕಿದ ಗಾಡಿಗಳಿವೆ. ಆಗ ಪೆಡಲ್ ಮೊದಲಿಂದಲೂ ಗಟ್ಟಿಯೇ.

ಹೋಸಿನ ವಿಷಯ. ಒಳಗಿನ ಪದರ ಬಿಟ್ಟುಕೊಂಡು ನಾಲಗೆಯಂತೆ ಅಡ್ಡ ಬೀಳುವುದು, ಬಿಸಿಯಾದಾಗ ಒಳಕ್ಕೆ ಚಪ್ಪಟೆಯಾಗುವುದು, ಶೆಡ್ಡಿನಲ್ಲಿ ಇಲಿ ಕಡಿಯುವುದು: ಮೂರೂ ಇಲ್ಲಿ ಕಾಣಸಿಗುತ್ತವೆ. ಮಾರುಕಟ್ಟೆಯಲ್ಲಿ ಸಿಗುವ ನೀರಿನ ಹೋಸ್ ತುಂಡು ಹಾಕುವುದು ಬೇಡವೇ ಬೇಡ. ಅದು ಒಳಗಿನಿಂದ ಹೊರಕ್ಕೆ ಒತ್ತಡ ತಡೆಯಲು ಮಾಡಿದ್ದು, ವ್ಯಾಕ್ಯೂಮ್ ಎಳೆದಾಗ ಬಿಸಿಯಲ್ಲಿ ಮುಚ್ಚಿಕೊಳ್ಳುತ್ತದೆ. ತಣ್ಣಗಿದ್ದಾಗ ಬ್ರೇಕ್ ಸರಿ, ಅರ್ಧ ಗಂಟೆ ಓಡಿದ ಮೇಲೆ ಗಟ್ಟಿ ಅನ್ನುವ ದೂರಿನ ಹಿಂದೆ ಇದು ಇರುವುದುಂಟು. ಬ್ರೇಕ್ ಬೂಸ್ಟರಿಗೆಂದೇ ಮಾಡಿದ, ಹೆಣೆದ ನೂಲಿನ ಬಲವರ್ಧನೆ ಇರುವ ಹೋಸನ್ನೇ ಕೊಳ್ಳಿ. ಹಳೆಯದರ ಒಳವ್ಯಾಸ ಅಳೆದು ಅಷ್ಟೇ ಇರುವುದನ್ನು ತನ್ನಿ. ಎಂಜಿನ್ ಸೀಟಿನ ಕೆಳಗಿರುವ ಓಮ್ನಿಯಲ್ಲಿ ಬೂಸ್ಟರ್ ಇದ್ದರೆ ವ್ಯಾಕ್ಯೂಮ್ ಲೈನು ಉದ್ದ, ಜಾಯಿಂಟುಗಳೂ ಹೆಚ್ಚು. ಕೆಳಗೆ ಮಲಗಿ ಒಂದೊಂದನ್ನೂ ಕೈಯಿಂದ ತಿರುಗಿಸಿ ನೋಡಬೇಕು. ಮ್ಯೂಸಿಕ್ ಹಾರ್ನು, ಗ್ಯಾಸ್ ಕಿಟ್ಟು, ಏಸಿ ಅಂತ ಯಾರಾದರೂ ಬೂಸ್ಟರ್ ಹೋಸಿನಿಂದ ಕವಲು ತೆಗೆದಿದ್ದರೆ ಆ ಕವಲುಗಳನ್ನು ಮೊದಲು ಮುಚ್ಚಿ ಪರೀಕ್ಷಿಸಿ.

ಡೀಸೆಲ್ ಜೀಪುಗಳ ಲೆಕ್ಕವೇ ಬೇರೆ

ಹಳೆಯ ಡೀಸೆಲ್ ಎಂಜಿನ್ನಿನಲ್ಲಿ ಗಾಳಿಯನ್ನು ತಡೆಯುವ ಥ್ರಾಟಲ್ ಇಲ್ಲದ್ದರಿಂದ ಮ್ಯಾನಿಫೋಲ್ಡಿನಲ್ಲಿ ಬಳಸುವಷ್ಟು ವ್ಯಾಕ್ಯೂಮ್ ಹುಟ್ಟುವುದಿಲ್ಲ. ಅದಕ್ಕೇ ಪಂಪ್ ಬೇಕು. ತೋಟದ ಜೀಪುಗಳಲ್ಲಿ ಇದು ಸಾಮಾನ್ಯವಾಗಿ ಆಲ್ಟರ್ನೇಟರಿನ ಬೆನ್ನಿಗೇ ಕೂತಿರುತ್ತದೆ, ಎಂಜಿನ್ ಆಯಿಲಿನಿಂದಲೇ ನಯವಾಗುತ್ತದೆ. ಇದರಿಂದ ಬರುವ ಅಪಾಯವನ್ನು ಚಾಲಕರಿಗೆ ಯಾರೂ ಹೇಳಿಕೊಡುವುದಿಲ್ಲ: ಇಳಿಜಾರಿನಲ್ಲಿ ಬೆಲ್ಟ್ ತುಂಡಾದರೆ ಚಾರ್ಜಿಂಗ್ ಲೈಟ್ ಉರಿಯುತ್ತದೆ, ಅದೇ ಕ್ಷಣ ವ್ಯಾಕ್ಯೂಮ್ ಪಂಪೂ ನಿಂತಿರುತ್ತದೆ. ಬ್ಯಾಟರಿ ಇದೆಯಲ್ಲ, ಮನೆ ತನಕ ಹೋಗೋಣ ಅಂತ ಮುಂದುವರಿದರೆ ಎರಡು ಮೂರು ಬ್ರೇಕಿನಲ್ಲಿ ಬೂಸ್ಟರ್ ಖಾಲಿ. ಇಂಥ ಜೀಪಿನಲ್ಲಿ ಚಾರ್ಜಿಂಗ್ ಲೈಟನ್ನು ಬ್ರೇಕ್ ಕೆಟ್ಟಿದೆ ಎಂಬ ಎಚ್ಚರಿಕೆಯ ಲೈಟ್ ಎಂದೇ ತಿಳಿದು ಮೊದಲ ಸಮತಟ್ಟು ಜಾಗದಲ್ಲಿ ನಿಲ್ಲಿಸಬೇಕು. ಮಂದಲಪಟ್ಟಿಯಂಥ ದಾರಿಗೆ ಜನ ತುಂಬಿಸಿಕೊಂಡು ಹೋಗುವ ಜೀಪುಗಳಲ್ಲಿ ಹೆಚ್ಚುವರಿ ಬೆಲ್ಟ್ ಮತ್ತು ಸ್ಪ್ಯಾನರ್ ಇರಲೇಬೇಕು.

ಪಂಪ್ ಪರೀಕ್ಷೆಗೆ ಅದರ ಬಾಯಿಗೆ ನೇರ ಗೇಜ್ ಹಾಕಿ. ಐಡ್ಲಿಂಗಿನಲ್ಲೂ ಮುಳ್ಳು ಚುರುಕಾಗಿ ಏರಬೇಕು. ಮಡಿಕೇರಿಯ ಎತ್ತರದಲ್ಲಿ 550 ಎಂಎಂ ದಾಟಿದರೆ ಪಂಪ್ ಚೆನ್ನಾಗಿದೆ. ನಿಧಾನ ಏರಿ 400ರ ಸುತ್ತ ನಿಂತರೆ ಒಳಗಿನ ವೇನುಗಳು (ಗಾಳಿ ತಳ್ಳುವ ಅಲಗುಗಳು) ಸವೆದಿವೆ, ಅಥವಾ ಆಯಿಲ್ ಬರುವ ಸಣ್ಣ ಪೈಪು ಕಟ್ಟಿದೆ. ಹೊಸ ಪಂಪ್ ಹಾಕುವ ಮೊದಲು ಆ ಪೈಪನ್ನು ಬಿಚ್ಚಿ, ಎಂಜಿನ್ ಓಡಿಸಿ, ಆಯಿಲ್ ಬರುವುದನ್ನು ಕಣ್ಣಾರೆ ನೋಡಿ. ಒಣಗಿ ಓಡಿದ ಹೊಸ ಪಂಪ್ ಬೇಗನೆ ಹಾಳಾಗುತ್ತದೆ. ವ್ಯಾಕ್ಯೂಮ್ ಹೋಸಿನೊಳಗೆ ಕಪ್ಪು ಆಯಿಲ್ ಕಂಡರೆ ಬೂಸ್ಟರಿನ ಡಯಾಫ್ರಮೂ ಆಯಿಲಿನಲ್ಲಿ ನೆನೆದು ಊದಿಕೊಂಡಿರಬಹುದು. ಆಗ ಪಂಪ್ ಮತ್ತು ಬೂಸ್ಟರ್ ಎರಡನ್ನೂ ನೋಡಬೇಕಾಗುತ್ತದೆ.

ಡೀಸೆಲ್ ಉಳಿಸಲು ಎಂಜಿನ್ ಆಫ್ ಮಾಡಿ ಇಳಿಜಾರಿನಲ್ಲಿ ಜಾರಿಸುವ ಅಭ್ಯಾಸ ಇನ್ನೂ ಇದೆ. ಬೂಸ್ಟರ್ ಇರುವ ಯಾವ ಗಾಡಿಯಲ್ಲೂ ಇದನ್ನು ಮಾಡಬಾರದು.

ಆಯಿಲ್ ಕಡಿಮೆಯಾಗುತ್ತಿದೆ, ಎಲ್ಲೂ ಸೋರುತ್ತಿಲ್ಲ

ಚಕ್ರಗಳು ಒಣಗಿವೆ, ಪೈಪು ಒಣಗಿದೆ, ಆದರೂ ರಿಸರ್ವಾಯರಿಗೆ (ಬ್ರೇಕ್ ಆಯಿಲಿನ ಡಬ್ಬಿಗೆ) ತಿಂಗಳಿಗೊಮ್ಮೆ ಆಯಿಲ್ ಹಾಕಬೇಕು. ಇಂಥಲ್ಲಿ ಮಾಸ್ಟರ್ ಸಿಲಿಂಡರಿನ ಹಿಂದಿನ ಸೀಲಿನಿಂದ ಆಯಿಲ್ ಬೂಸ್ಟರಿನೊಳಗೆ ಇಳಿಯುತ್ತಿರುತ್ತದೆ. ವ್ಯಾಕ್ಯೂಮ್ ಅದನ್ನು ಎಳೆದುಕೊಳ್ಳುವುದರಿಂದ ಹೊರಗೆ ಒಂದು ಹನಿಯೂ ಕಾಣುವುದಿಲ್ಲ. ಪೆಟ್ರೋಲ್ ಗಾಡಿಯಾದರೆ ಕೆಲವೊಮ್ಮೆ ಸೈಲೆನ್ಸರಿನಲ್ಲಿ ಬಿಳಿ ಹೊಗೆ. ಮಾಸ್ಟರ್ ಸಿಲಿಂಡರಿನ ಎರಡು ನಟ್ಟು ತೆಗೆದು, ಪೈಪ್ ಬಿಚ್ಚದೆಯೇ, ಅದು ಬಗ್ಗುವಷ್ಟು ಮಾತ್ರ ಮುಂದಕ್ಕೆ ಎಳೆದು, ಹಿಂದಿನ ಬಾಯಿಗೆ ಬಿಳಿ ಬಟ್ಟೆ ಒತ್ತಿ ನೋಡಿ. ಒದ್ದೆಯಾದರೆ ಮಾಸ್ಟರ್ ಸಿಲಿಂಡರ್ ಬದಲಾಗಬೇಕು. ಬೂಸ್ಟರಿನ ತಳದಲ್ಲಿ ಆಯಿಲ್ ನಿಂತಿದ್ದರೆ ಬೂಸ್ಟರೂ ಬದಲಾಗಬೇಕು. ಹೊಸ ಬೂಸ್ಟರ್ ಹಾಕಿ ಹಳೆಯ ಸೋರುವ ಸಿಲಿಂಡರನ್ನೇ ಮತ್ತೆ ಕೂರಿಸಿದರೆ ಮುಂದಿನ ಕಕ್ಕಡದ ಮಳೆಗೆ ಅದೇ ತೊಂದರೆ ಮತ್ತೆ ಬರುತ್ತದೆ.

ಬದಲಾಯಿಸುವ ಕೆಲಸ

ಬೇಕಾದ್ದು: ಬೂಸ್ಟರ್, ಫೈರ್‌ವಾಲಿನ (ಎಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡು ಗೋಡೆಯ) ಗ್ಯಾಸ್ಕೆಟ್, ಮಾಸ್ಟರ್ ಸಿಲಿಂಡರ್ ಮತ್ತು ಬೂಸ್ಟರ್ ನಡುವಿನ ಸೀಲ್, ಹೊಸ ಚೆಕ್ ವಾಲ್ವ್ ಮತ್ತು ಗ್ರೊಮೆಟ್, ಹೊಸ ಸ್ಪ್ಲಿಟ್ ಪಿನ್, ಸೀಲ್ ಒಡೆಯದ ಒಂದು ಲೀಟರ್ ಬ್ರೇಕ್ ಆಯಿಲ್. ಅರ್ಧ ಬಳಸಿ ಮುಚ್ಚಳ ಹಾಕಿಟ್ಟ ಬಾಟಲಿಯನ್ನು ಮಳೆಗಾಲದಲ್ಲಿ ಬಳಸಬೇಡಿ. ಹಳೆಯ ಮಾರುತಿ ಗಾಡಿಗಳಲ್ಲಿ 12 ಮತ್ತು 10 ಎಂಎಂ ಸ್ಪ್ಯಾನರಿನಲ್ಲೇ ಬಹುತೇಕ ಕೆಲಸ ನಡೆಯುತ್ತದೆ. ಪೈಪಿನ ನಟ್ಟಿಗೆ ಮಾತ್ರ ಫ್ಲೇರ್ ಸ್ಪ್ಯಾನರ್ ಬೇಕು. ಸಾಮಾನ್ಯ ಸ್ಪ್ಯಾನರ್ ಹಾಕಿದರೆ ತುಕ್ಕು ಹಿಡಿದ ನಟ್ಟಿನ ಮೂಲೆ ಸವೆದು, ಪೈಪೇ ತಿರುಚಿಹೋಗುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಆಯಿಲ್ ಹಾಕಿಡಿ.

ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಪೆಡಲ್ ಒತ್ತಿ ಒತ್ತಿ ವ್ಯಾಕ್ಯೂಮ್ ಖಾಲಿ ಮಾಡಿ. ಚೆಕ್ ವಾಲ್ವನ್ನು ನೇರ ಎಳೆಯದೆ ತಿರುಗಿಸುತ್ತಾ ಬಿಡಿಸಿ. ರಿಸರ್ವಾಯರಿನ ಆಯಿಲನ್ನು ಸಿರಿಂಜಿನಿಂದ ಹೀರಿ. ಪೈಪುಗಳು ಬಗ್ಗುವಷ್ಟು ಜಾಗವಿದ್ದರೆ ಮಾಸ್ಟರ್ ಸಿಲಿಂಡರನ್ನು ಬಿಚ್ಚದೆ ಪಕ್ಕಕ್ಕೆ ಸರಿಸಿ ಕಟ್ಟಿಡಬಹುದು, ಪೈಪಿನೊಳಗೆ ಸೇರಿದ ಏರ್ ತೆಗೆಯುವ ಕೆಲಸ ತಪ್ಪುತ್ತದೆ. ಹಳೆಯ ತುಕ್ಕು ಪೈಪನ್ನು ಮಾತ್ರ ಬಗ್ಗಿಸಬೇಡಿ, ಬಿಚ್ಚುವುದೇ ವಾಸಿ. ಡ್ಯಾಶಿನ ಕೆಳಗೆ ಮಲಗಿ ಸ್ಪ್ಲಿಟ್ ಪಿನ್, ಪೆಡಲನ್ನು ಬೂಸ್ಟರಿನ ರಾಡಿಗೆ ಸೇರಿಸುವ ಕ್ಲೆವಿಸ್ ಪಿನ್, ನಾಲ್ಕು ನಟ್ಟು ತೆಗೆದರೆ ಬೂಸ್ಟರ್ ಬಾನೆಟ್ ಕಡೆಯಿಂದ ಹೊರಬರುತ್ತದೆ. ಬ್ರೇಕ್ ಆಯಿಲ್ ಬಿದ್ದಲ್ಲಿ ಪೇಂಟ್ ಕಿತ್ತುಬರುತ್ತದೆ, ತಕ್ಷಣ ಸೋಪು ನೀರು ಹಾಕಿ. ಕಣದಲ್ಲಿ ಕೆಲಸ ಮಾಡುವುದಾದರೆ ಕೆಳಗೆ ತಗಡು ಹಾಸಿ, ನಾಳೆ ಕಾಪಿ ಹರಡುವ ಜಾಗ ಅದು.

ಬೂಸ್ಟರ್ ತೆಗೆದಾಗ ಫೈರ್‌ವಾಲಿನ ತಗಡನ್ನು ನೋಡಿ. ಎಷ್ಟೋ ವರ್ಷ ಆಯಿಲ್ ಹನಿದು ಪೇಂಟ್ ಹೋಗಿ ತುಕ್ಕು ಹಿಡಿದಿರುತ್ತದೆ. ತಗಡು ಮೆತ್ತಗಾಗಿದ್ದರೆ ಪೆಡಲ್ ಒತ್ತಿದಾಗ ಗೋಡೆಯೇ ಬಗ್ಗುತ್ತದೆ, ಎಂಥ ಹೊಸ ಬೂಸ್ಟರ್ ಹಾಕಿದರೂ ಪೆಡಲ್ ಆಳಕ್ಕೇ ಹೋಗುತ್ತದೆ. ಉಜ್ಜಿ, ಪ್ರೈಮರ್ ಹಚ್ಚಿ, ಬೇಕಾದರೆ ತಗಡು ಬೆಸೆದು ಆಮೇಲೆ ಕೂರಿಸಿ. ಹಳೆಯ ಗ್ಯಾಸ್ಕೆಟ್ಟನ್ನೇ ಹಾಕಿದರೆ ಮಳೆಯ ನೀರು ನೇರ ಚಾಲಕನ ಕಾಲಬುಡಕ್ಕೆ ಬರುತ್ತದೆ.

ಹೊಸ ಬೂಸ್ಟರಿನ ಮುಂದಿನ ಪುಶ್ ರಾಡನ್ನು ಎಳೆದು ಆಡಿಸಬೇಡಿ. ಅದರ ಬುಡದಲ್ಲಿ ರಿಯಾಕ್ಷನ್ ಡಿಸ್ಕ್ ಎಂಬ ರಬ್ಬರ್ ಬಿಲ್ಲೆ ಇದೆ. ಕೆಲವು ಬೂಸ್ಟರುಗಳಲ್ಲಿ ರಾಡ್ ಹೊರಬಂದರೆ ಅದು ಒಳಗೆ ಬಿದ್ದುಹೋಗುತ್ತದೆ. ಪೆಡಲಿಗೆ ಬರಬೇಕಾದ ಹದವಾದ ಪ್ರತಿಒತ್ತಡ ಆಗ ಇಲ್ಲವಾಗಿ, ಮೆಲ್ಲಗೆ ಮುಟ್ಟಿದರೂ ಬ್ರೇಕ್ ಗಪ್ಪನೆ ಹಿಡಿಯುತ್ತದೆ. ಒದ್ದೆ ರಸ್ತೆಯಲ್ಲಿ ಇದು ಗಟ್ಟಿ ಪೆಡಲಿಗಿಂತ ಅಪಾಯ.

ಪುಶ್ ರಾಡ್ ಮತ್ತು ಮಾಸ್ಟರ್ ಸಿಲಿಂಡರಿನ ಪಿಸ್ಟನ್ ನಡುವಿನ ಅಂತರವೇ ಇಡೀ ಕೆಲಸದ ಜೀವ. ರಾಡ್ ಉದ್ದವಾದರೆ ಪಿಸ್ಟನ್ ಪೂರ್ತಿ ಹಿಂದೆ ಬರುವುದಿಲ್ಲ, ಆಯಿಲ್ ರಿಸರ್ವಾಯರಿಗೆ ವಾಪಸ್ ಹೋಗುವ ಸಣ್ಣ ರಂಧ್ರ ಮುಚ್ಚಿಯೇ ಇರುತ್ತದೆ. ಬಿಸಿಯಾದಂತೆ ಆಯಿಲ್ ಹಿಗ್ಗಿ ಚಕ್ರಗಳು ತಾವಾಗಿ ಹಿಡಿದುಕೊಳ್ಳುತ್ತವೆ. ರಾಡ್ ಗಿಡ್ಡವಾದರೆ ಪೆಡಲ್ ಕೆಳಗೆ ಹೋದ ಮೇಲೆ ಬ್ರೇಕ್ ಶುರುವಾಗುತ್ತದೆ. ರಾಡಿನ ತುದಿಗೆ ಕಡಲೆ ಗಾತ್ರದ ಮಕ್ಕಳ ಪ್ಲಾಸ್ಟಿಸಿನ್ ಜೇಡಿಮಣ್ಣು ಅಂಟಿಸಿ, ನಡುವಿನ ಸೀಲ್ ಸಮೇತ ಸಿಲಿಂಡರ್ ಕೂರಿಸಿ ಎರಡೂ ನಟ್ಟು ಬಿಗಿದು, ಮತ್ತೆ ಬಿಚ್ಚಿ ಮಣ್ಣಿನ ದಪ್ಪ ಅಳೆಯಿರಿ. ಅರ್ಧ ಎಂಎಂ ಆಸುಪಾಸು ಉಳಿದಿದ್ದರೆ ಸರಿ. ನಿಮ್ಮ ಗಾಡಿಯ ಕೈಪಿಡಿ ಬೇರೆ ಅಳತೆ ಕೊಟ್ಟಿದ್ದರೆ ಅದನ್ನೇ ಹಿಡಿಯಿರಿ. ಮಣ್ಣು ಪೂರ್ತಿ ಹಿಂಡಿಹೋಗಿದ್ದರೆ ರಾಡಿನ ತುದಿಯ ಸ್ಕ್ರೂ ಒಳಕ್ಕೆ ತಿರುಗಿಸಿ ಮತ್ತೆ ಅಳೆಯಿರಿ. ಅಂತರ ಸರಿಯಾದ ಮೇಲೆ ಮಣ್ಣನ್ನು ಒರೆಸಿ ತೆಗೆಯಿರಿ.

ನಟ್ಟುಗಳು 8 ಎಂಎಂ ಬೋಲ್ಟಿನವು, ತಗಡಿನ ಡಬ್ಬಿಗೆ ಕೂರುವಂಥವು. ಸುಮಾರು 13 ನ್ಯೂಟನ್ ಮೀಟರ್ ಸಾಕು, ಉದ್ದ ಹಿಡಿಯ ಸ್ಪ್ಯಾನರ್ ಹಾಕಿ ಹಿಂಡಬೇಡಿ. ಪೆಡಲಿಗೆ ಕೆಲವು ಎಂಎಂ ಫ್ರೀ ಪ್ಲೇ (ಸಡಿಲ ಆಟ) ಇರುವಂತೆ ಕ್ಲೆವಿಸ್ ಹೊಂದಿಸಿ, ಆಮೇಲೆ ಬ್ರೇಕ್ ಲೈಟ್ ಸ್ವಿಚ್ಚನ್ನು ಪೆಡಲಿಗೆ ಒತ್ತದಂತೆ ಕೂರಿಸಿ. ಪೈಪ್ ಬಿಚ್ಚಿದ್ದರೆ ಎಂಜಿನ್ ಆಫ್ ಇಟ್ಟು ಏರ್ ತೆಗೆಯಿರಿ. ಮುಂದೆ ಹಿಂದೆ ಎಂದು ಎರಡು ಸರ್ಕ್ಯೂಟ್ (ಪ್ರತ್ಯೇಕ ಆಯಿಲ್ ದಾರಿ) ಇರುವ ಗಾಡಿಯಲ್ಲಿ ಮಾಸ್ಟರ್ ಸಿಲಿಂಡರಿನಿಂದ ದೂರದ ಹಿಂದಿನ ಎಡ ಚಕ್ರದಿಂದ ಶುರುಮಾಡಿ ಮುಂದಿನ ಬಲಕ್ಕೆ ಮುಗಿಸಿ.

ಗುಜರಿಯ ಬೂಸ್ಟರ್ ಬಗ್ಗೆ ಒಂದು ಮಾತು. ಡಬ್ಬಿಯ ಅಂಚನ್ನು ಬಿಚ್ಚಿ ಡಯಾಫ್ರಮ್ ಬದಲಿಸಿ ಗಮ್ ಹಚ್ಚಿ ಮುಚ್ಚಿದ್ದನ್ನು ಹಾಕಬೇಡಿ. ಒಳಗೆ ಬಲವಾದ ಸ್ಪ್ರಿಂಗ್ ಇದೆ, ಅಂಚು ಬಿಟ್ಟುಕೊಂಡರೆ ಬೂಸ್ಟರಿನ ನೆರವು ಒಂದೇ ಸಲಕ್ಕೆ ಹೋಗುತ್ತದೆ. ಬಿಚ್ಚದ ಹಳೆಯದನ್ನು ಕೊಳ್ಳುವಾಗ ವ್ಯಾಸ, ಬೋಲ್ಟುಗಳ ಅಂತರ, ಎರಡೂ ರಾಡುಗಳ ಉದ್ದ ಹೊಂದಿಸಿ ನೋಡಿ. ಮಾಸ್ಟರ್ ಸಿಲಿಂಡರಿನ ಬೋರ್ (ಒಳವ್ಯಾಸ) ದೊಡ್ಡದಾದರೆ ಪೆಡಲ್ ಇಳಿಯುವ ದೂರ ಕಡಿಮೆಯಾಗುತ್ತದೆ, ಆದರೆ ಗಟ್ಟಿಯೂ ಆಗುತ್ತದೆ. ಅದನ್ನು ಬೂಸ್ಟರಿನ ದೋಷವೆಂದು ತಿಳಿದು ಮತ್ತೆ ಬಿಚ್ಚುವವರಿದ್ದಾರೆ.

ಜಾಗ ಬದಲಿಸಬೇಕಾದಾಗ

ಜೀಪಿಗೆ ಬೇರೆ ಎಂಜಿನ್ ಕೂರಿಸಿದಾಗ, ಅಥವಾ ಬೂಸ್ಟರ್ ಇಲ್ಲದೇ ಬಂದ ಹಳೆಯ ಕಾರಿಗೆ ಹೊಸದಾಗಿ ಹಾಕುವಾಗ, ಪೆಡಲಿನ ಎದುರು ಜಾಗ ಸಿಗದಿರಬಹುದು. ಆಗ ಮಾಸ್ಟರ್ ಸಿಲಿಂಡರ್ ಇದ್ದಲ್ಲೇ ಬಿಟ್ಟು, ಬ್ರೇಕ್ ಲೈನಿನ ನಡುವೆ ರಿಮೋಟ್ ಬೂಸ್ಟರ್ ಹಾಕುವ ದಾರಿ ಇದೆ. ಅದರೊಳಗೆ ತನ್ನದೇ ಸಣ್ಣ ಸಿಲಿಂಡರ್ ಇರುತ್ತದೆ. ಎರಡು ಸರ್ಕ್ಯೂಟಿನ ಬ್ರೇಕಿಗೆ ಇಂಥದ್ದು ಒಂದನ್ನೇ ಹಾಕಿದರೆ ಒಂದು ಸರ್ಕ್ಯೂಟಿಗೆ ಮಾತ್ರ ಬಲ ಸಿಕ್ಕಿ ಮುಂದೆ ಹಿಂದೆ ಹದ ತಪ್ಪುತ್ತದೆ. ಎರಡು ಬೇಕು, ಇಲ್ಲವೇ ಈ ದಾರಿ ಬೇಡ. ಬೂಸ್ಟರನ್ನು ಸೈಲೆನ್ಸರ್ ಪೈಪಿನಿಂದ ದೂರ, ಚಾಸಿಗೆ ಬೋಲ್ಟ್ ಮಾಡಿದ ಗಟ್ಟಿ ಬ್ರಾಕೆಟ್ಟಿನ ಮೇಲೆ, ಆಯಿಲ್ ಹೊರಹೋಗುವ ತುದಿ ತುಸು ಮೇಲಿರುವಂತೆ ಕೂರಿಸಿ, ಏರ್ ಅಲ್ಲಿಗೆ ಬಂದು ಹೊರಹೋಗುತ್ತದೆ. ವ್ಯಾಕ್ಯೂಮ್ ಹೋಸ್ ಬೂಸ್ಟರಿನಿಂದ ಮ್ಯಾನಿಫೋಲ್ಡ್ ಕಡೆಗೆ ಇಳಿಜಾರಾಗಿರಲಿ, ನಡುವೆ ಜೋತುಬಿದ್ದ ತಗ್ಗು ಇರಬಾರದು. ಮಂಜಿನ ಬೆಳಗ್ಗೆ ಒಳಗೆ ಹನಿಗಟ್ಟಿದ ತೇವ ಆ ತಗ್ಗಿನಲ್ಲಿ ನಿಲ್ಲುತ್ತದೆ. ಗಾಳಿ ಎಳೆಯುವ ಫಿಲ್ಟರಿನ ಬಾಯಿ ಚಕ್ರದ ಕೆಸರು ಎರಚುವ ಜಾಗದಲ್ಲಿ ಇರಕೂಡದು.

ಪೆಡಲಿಗೇ ನೇರ ಬೂಸ್ಟರ್ ಕೂರಿಸುವುದಾದರೆ ಪೆಡಲಿನ ಅನುಪಾತ ಅಳೆಯಿರಿ: ಕೀಲಿನಿಂದ ಕಾಲಿಡುವ ಜಾಗದ ತನಕದ ಉದ್ದವನ್ನು ಕೀಲಿನಿಂದ ರಾಡ್ ಸೇರುವ ಜಾಗದ ಉದ್ದದಿಂದ ಭಾಗಿಸಿ. ಬೂಸ್ಟರ್ ಇಲ್ಲದ ಗಾಡಿಯಲ್ಲಿ ಇದು ಸಾಮಾನ್ಯವಾಗಿ ಆರರ ಸುತ್ತ, ಬೂಸ್ಟರ್ ಇರುವಲ್ಲಿ ನಾಲ್ಕರ ಸುತ್ತ. ಆರರ ಪೆಡಲಿಗೆ ಬೂಸ್ಟರ್ ಹಾಕಿದರೆ ಬ್ರೇಕ್ ಅತಿ ಸೂಕ್ಷ್ಮವಾಗಿ, ಒದ್ದೆ ಟಾರಿನಲ್ಲಿ ಚಕ್ರ ಲಾಕ್ ಆಗುತ್ತದೆ.

ಓಡಿಸಿ ನೋಡುವುದು

ಮೊದಲು ಕಣದಲ್ಲೋ ಮೈದಾನದಲ್ಲೋ ನಡಿಗೆಯ ವೇಗದಲ್ಲಿ. ಆಮೇಲೆ ಸಣ್ಣ ಏರಿಳಿತದ ರಸ್ತೆಯಲ್ಲಿ ಐದಾರು ಕಿಲೋಮೀಟರ್. ನಿಲ್ಲಿಸಿ ನಾಲ್ಕೂ ಚಕ್ರದ ಬಿಸಿಯನ್ನು ಹತ್ತಿರ ಕೈ ಹಿಡಿದು ನೋಡಿ. ಎಲ್ಲವೂ ಅತಿಯಾಗಿ ಕಾದಿದ್ದು, ಜ್ಯಾಕ್ ಹಾಕಿದರೆ ತಿರುಗದಿದ್ದರೆ, ಮಾಸ್ಟರ್ ಸಿಲಿಂಡರಿನ ಎರಡು ನಟ್ಟನ್ನು ಎರಡು ಎಂಎಂ ಸಡಿಲಿಸಿ. ಚಕ್ರ ಬಿಟ್ಟರೆ ಪುಶ್ ರಾಡ್ ಉದ್ದವಾಗಿದೆ. ಬಿಡದೆ, ಚಕ್ರದ ಬ್ಲೀಡರ್ (ಏರ್ ತೆಗೆಯುವ ಸ್ಕ್ರೂ) ತೆರೆದಾಗ ಮಾತ್ರ ಬಿಟ್ಟರೆ ಆ ಚಕ್ರದ ರಬ್ಬರ್ ಹೋಸ್ ಒಳಗೆ ಊದಿಕೊಂಡಿದೆ. ಎರಡರಲ್ಲೂ ಬಿಡದಿದ್ದರೆ ಕ್ಯಾಲಿಪರ್ ಅಥವಾ ವೀಲ್ ಸಿಲಿಂಡರ್ ಸಿಕ್ಕಿಕೊಂಡಿದೆ.

ಚಕ್ರಗಳು ತಣ್ಣಗಿದ್ದು, ಏರು ಮುಗಿದ ತುದಿಯ ಮೊದಲ ಒತ್ತೂ ಮೃದುವಾಗಿದ್ದರೆ ಮಾತ್ರ ಸಂಪಾಜೆ ಇಳಿಯಿರಿ. ಸುಮಾರು 500 ಕಿಲೋಮೀಟರ್ ಓಡಿದ ಮೇಲೆ ಡ್ಯಾಶಿನ ಕೆಳಗಿನ ನಾಲ್ಕು ನಟ್ಟನ್ನೂ ಮಾಸ್ಟರ್ ಸಿಲಿಂಡರಿನ ಎರಡನ್ನೂ ಮತ್ತೊಮ್ಮೆ ಬಿಗಿದು ನೋಡಿ, ಹೊಸ ಗ್ಯಾಸ್ಕೆಟ್ ಕೂತಂತೆ ಅವು ಸ್ವಲ್ಪ ಸಡಿಲಾಗುತ್ತವೆ.